ಶನಿವಾರ ಗೆಳೆಯರೊಂದಿಗೆ, ಭಾನುವಾರ ಒಬ್ಬರೇ: ಕೊಡಗಿನಲ್ಲಿ ಎರಡು ದಿನ ಹೊರಗೆ ಉಣ್ಣುವ ಬಗೆ

ಕೊಡಗಿಗೆ ಬರುವವರಲ್ಲಿ ಹೆಚ್ಚಿನವರು ಅಬ್ಬಿ ಜಲಪಾತ, ರಾಜಾಸೀಟು, ತಲಕಾವೇರಿ ಎಂದು ನೋಡುವ ಜಾಗಗಳ ಪಟ್ಟಿಯನ್ನು ಮೊದಲು ಮಾಡಿಕೊಂಡು, ಊಟವನ್ನು ದಾರಿಯಲ್ಲಿ ಸಿಕ್ಕ ಹೋಟೆಲಿಗೆ ಬಿಟ್ಟುಬಿಡುತ್ತಾರೆ. ಎರಡು ದಿನ ಚೆನ್ನಾಗಿ ಉಣ್ಣಬೇಕೆಂದು ಬರುವವರು ಈ ಕ್ರಮವನ್ನು ತಿರುವಿಹಾಕಬೇಕು. ಯಾವ ಹೊತ್ತಿಗೆ ಎಲ್ಲಿ ಏನು ಉಣ್ಣುವುದು ಎಂದು ಮೊದಲು ನಿಶ್ಚಯಿಸಿ, ಉಳಿದ ಸಮಯದಲ್ಲಿ ನೋಡುವುದನ್ನು ನೋಡಬೇಕು. ಕೊಡಗಿನ ಅಡುಗೆ ಹೇಳಿದ ಐದು ನಿಮಿಷಕ್ಕೆ ಟೇಬಲ್ಲಿಗೆ ಬರುವ ಅಡುಗೆಯಲ್ಲ. ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು ಹಬೆಯಲ್ಲಿ ಬೇಯಬೇಕು, ಹಂದಿ ಮಾಂಸದ ಪಂದಿ ಕರಿ ಸಣ್ಣ ಉರಿಯಲ್ಲಿ ಹೊತ್ತು ಹಿಡಿಯಬೇಕು, ಅಕ್ಕಿ ಒಟ್ಟಿ ಎಂಬ ರೊಟ್ಟಿ ಕೆಂಡದ ಮೇಲೋ ಬರ್ನರಿನ ಮೇಲೋ ಉಬ್ಬಿದ ಕೂಡಲೇ ತಟ್ಟೆಗೆ ಬೀಳಬೇಕು. ನಾನು ಮಡಿಕೇರಿಯಲ್ಲಿ ವಾಸವಾಗಿದ್ದೇನೆ. ಮೈಸೂರು ಮತ್ತು ಬೆಂಗಳೂರಿನ ಗೆಳತಿಯರು, ಗೆಳೆಯರು ವರ್ಷಕ್ಕೆ ಎರಡು ಮೂರು ಸಲ ವಾರಾಂತ್ಯಕ್ಕೆ ಬರುತ್ತಾರೆ. ಶನಿವಾರವಿಡೀ ಅವರೊಂದಿಗೆ ಉಂಡು, ಭಾನುವಾರ ಅವರನ್ನು ಕಳುಹಿಸಿದ ಮೇಲೆ ನಾನೊಬ್ಬಳೇ ಹೋಟೆಲಿಗೆ ಹೋಗಿ ಮಧ್ಯಾಹ್ನದ ಊಟ ಮಾಡುವುದು ನನಗೆ ರೂಢಿಯಾಗಿದೆ. ಈ ಎರಡೂ ಊಟಗಳನ್ನು ಮಾಡುವ ರೀತಿ ಬೇರೆ ಬೇರೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ವಿವರಿಸುತ್ತೇನೆ.

ಯಾವ ವಾರಾಂತ್ಯ

ತಿನ್ನುವುದಕ್ಕಾಗಿಯೇ ಬರುವವರಿಗೆ ಮಳೆಗಾಲವೇ ಒಳ್ಳೆಯ ಕಾಲ ಎಂಬುದು ನನ್ನ ಖಚಿತ ಅಭಿಪ್ರಾಯ. ಜೂನ್‌ನಿಂದ ಆಗಸ್ಟ್‌ವರೆಗೆ ಕಣಿಲೆ ಎಂಬ ಎಳೆ ಬಿದಿರು, ಕಾಡಿನ ಅಣಬೆ, ಜರಿಗಿಡದ ಎಳೆ ಚಿಗುರಾದ ತೆರ್ಮೆ ಸೊಪ್ಪು ಸಂತೆಗೆ ಬರುತ್ತವೆ. ಬೈಂಬಳೆ ಕರಿ ಎಂದು ಕೊಡವರು ಕರೆಯುವ ಕಣಿಲೆ ಪಲ್ಯ, ಕುಮ್ಮು ಕರಿ ಎಂದು ಕರೆಯುವ ಅಣಬೆಯ ಸಾರು ಆಗ ಹೊಸದಾಗಿ ಸಿಗುತ್ತವೆ. ಉಳಿದ ಕಾಲದಲ್ಲಿ ಸಿಗುವ ಕಣಿಲೆ ಬಹುಮಟ್ಟಿಗೆ ಉಪ್ಪುನೀರಿನಲ್ಲಿ ಇಟ್ಟದ್ದು, ಅಣಬೆ ಪೇಟೆಯ ಬಟನ್ ಅಣಬೆ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆ ಹೊತ್ತಿಗೆ ಹತ್ತಿರದ ವಾರಾಂತ್ಯದಲ್ಲಿ ಬಂದರೆ ಕೆಲವು ಹೋಟೆಲುಗಳಲ್ಲಿಯೂ ಹೋಂಸ್ಟೇಗಳಲ್ಲಿಯೂ ಅದು ದೊರೆಯುತ್ತದೆ. ಕಡು ನೇರಳೆ ಬಣ್ಣದ ಆ ಪಾಯಸ ಕುಡಿದ ಮರುದಿನ ಮೂತ್ರ ಕೆಂಪಾಗುವುದುಂಟು; ಮೊದಲ ಸಲ ತಿನ್ನುವ ಗೆಳೆಯರಿಗೆ ಇದನ್ನು ಮುಂಚೆಯೇ ಹೇಳಿ, ಗಾಬರಿ ತಪ್ಪಿಸಬೇಕು. ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಬೆಲ್ಲ ಹಾಕಿ ಮಾಡುವ ಕಾಡು ಮಾವಿನ ಹಣ್ಣಿನ ಸಾರು, ಕಾಡ್ ಮಾಂಗೆ ಕರಿ, ಸಿಗುತ್ತದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಮನೆಯಲ್ಲಿ ಕಡಂಬುಟ್ಟು, ಪಂದಿ ಕರಿ. ಸುಗ್ಗಿಯ ಹಬ್ಬವಾದ ಹುತ್ತರಿಗೆ ಬಾಳೆಹಣ್ಣಿನ ತಂಬುಟ್ಟು.

ಸರ್ಕಾರಿ ರಜೆಯೊಂದು ಶುಕ್ರವಾರಕ್ಕೋ ಸೋಮವಾರಕ್ಕೋ ತಗುಲಿಕೊಂಡ ವಾರಾಂತ್ಯಗಳನ್ನೂ, ಮಡಿಕೇರಿ ದಸರಾದಲ್ಲಿ ಹತ್ತು ದೇವಾಲಯಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪಗಳ ರಾತ್ರಿಯನ್ನೂ ಊಟದ ಉದ್ದೇಶಕ್ಕೆ ಬಿಟ್ಟುಬಿಡುವುದು ಒಳ್ಳೆಯದು. ಮಂಟಪಗಳನ್ನು ನೋಡಲೇಬೇಕು, ಅದು ಬೇರೆ ಮಾತು. ಆದರೆ ಆ ರಾತ್ರಿ ಅಡುಗೆಮನೆಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಜೋರು ಮಳೆಯ ದಿನಗಳಲ್ಲಿ ರಸ್ತೆಯ ಸ್ಥಿತಿ ವಿಚಾರಿಸಿಕೊಂಡೇ ಹೊರಡಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಇಲ್ಲಿನ ಜನ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಬರುವವರನ್ನು ಮೊದಲೇ ಕೇಳಬೇಕಾದದ್ದು

ಗುಂಪಿನಲ್ಲಿ ಯಾರು ಏನು ತಿನ್ನುವುದಿಲ್ಲ ಎಂಬುದನ್ನು ಒಂದು ವಾರ ಮುಂಚೆ, ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸಂಕೋಚದವರು “ನನಗೆ ಏನಾದರೂ ನಡೆಯುತ್ತದೆ” ಎಂದುಬಿಡುತ್ತಾರೆ, ಆಮೇಲೆ ಟೇಬಲ್ಲಿನ ಮುಂದೆ ಬರಿಯ ಮೊಸರನ್ನ ಹುಡುಕುತ್ತಾರೆ. ಕೊಡಗಿನಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ, ಏಕೆಂದರೆ ಇಲ್ಲಿನ ಬಹಳಷ್ಟು ಹೋಟೆಲುಗಳಲ್ಲಿ ಹಂದಿ ಮಾಂಸ ಬೇಯುತ್ತದೆ. ಅದನ್ನು ತಿನ್ನದವರಲ್ಲಿ ಪಕ್ಕದವರ ತಟ್ಟೆಯಲ್ಲಿದ್ದರೆ ತೊಂದರೆಯಿಲ್ಲ ಎನ್ನುವವರಿದ್ದಾರೆ, ಅದೇ ಅಡುಗೆಮನೆಯಲ್ಲಿ ಬೆಂದ ಬೇರೆ ಪದಾರ್ಥವನ್ನೂ ಮುಟ್ಟದವರಿದ್ದಾರೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಕೇಳಿಯೇ ತಿಳಿಯಬೇಕು, ಊಹಿಸಬಾರದು.

ನಾನು ಪಾಲಿಸುವ ನಿಯಮ ಇಷ್ಟೇ: ಎಲ್ಲರೂ ಒಟ್ಟಿಗೆ ಕೂರುವ ಮುಖ್ಯ ಊಟಕ್ಕೆ, ಗುಂಪಿನಲ್ಲಿ ಅತ್ಯಂತ ಕಟ್ಟುನಿಟ್ಟಿನವರು ನೆಮ್ಮದಿಯಾಗಿ ಉಣ್ಣಬಲ್ಲ ಹೋಟೆಲನ್ನು ಆರಿಸುವುದು. ಹಂದಿ ಬೇಯಿಸುವ ಅಡುಗೆಮನೆಯೇ ಬೇಡ ಎನ್ನುವವರಿದ್ದರೆ ವಿರಾಜಪೇಟೆಯಲ್ಲಿಯೂ ಮಡಿಕೇರಿಯಲ್ಲಿಯೂ ಮುಸ್ಲಿಮರು ನಡೆಸುವ ಹೋಟೆಲುಗಳ ಬಿರಿಯಾನಿ, ಪತ್ತಿರಿ, ಪರೋಟ ಇವೆ. ಮಾಕುಟ್ಟದ ಘಟ್ಟ ಇಳಿದರೆ ಕೇರಳವೇ ಇರುವುದರಿಂದ ವಿರಾಜಪೇಟೆಯ ಕಡೆ ಮಲಬಾರಿನ ಅಡುಗೆ ಚೆನ್ನಾಗಿ ಒಗ್ಗಿದೆ. ಪಂದಿ ಕರಿ ತಿನ್ನಲೇಬೇಕೆಂದು ಬಂದವರಿಗೆ ಅದನ್ನು ರಾತ್ರಿಗೋ ಮರುದಿನಕ್ಕೋ ಇಟ್ಟುಕೊಳ್ಳಬಹುದು. ಒಬ್ಬರನ್ನು ನೀರು ಕುಡಿಯುತ್ತಾ ಕೂರಿಸಿ ನಾಲ್ವರು ಉಂಡ ಊಟವನ್ನು ಗೆಳೆಯರ ಊಟವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಶನಿವಾರ ಬೆಳಿಗ್ಗೆ: ಬೈಲುಕುಪ್ಪೆಯಿಂದ ಆರಂಭ

ಕೊಡಗಿನಲ್ಲಿ ರೈಲು ಇಲ್ಲವಾದ್ದರಿಂದ ಬರುವವರೆಲ್ಲ ರಸ್ತೆಯಲ್ಲಿಯೇ ಬರಬೇಕು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರು. ಆ ದಾರಿಯಲ್ಲಿ ಕುಶಾಲನಗರಕ್ಕೆ ಸ್ವಲ್ಪ ಮೊದಲು, ಮೈಸೂರು ಜಿಲ್ಲೆಯ ಗಡಿಯೊಳಗೆ, ಬೈಲುಕುಪ್ಪೆ ಇದೆ. 1961ರಲ್ಲಿ ನೆಲೆಗೊಂಡ ಟಿಬೆಟನ್ನರ ಈ ವಸತಿಯಲ್ಲಿ ಗೆಳೆಯರನ್ನು ಕೂಡಿಕೊಳ್ಳುವುದು ಅನುಕೂಲ. ನಾನು ಮಡಿಕೇರಿಯಿಂದ ಬಸ್ಸಿನಲ್ಲಿ ಇಳಿದು ಬರುತ್ತೇನೆ, ಅವರು ಮೈಸೂರಿನಿಂದ ಬರುತ್ತಾರೆ, ನಾಮ್‌ಡ್ರೋಲಿಂಗ್ ಮಠದ ಆಸುಪಾಸಿನ ಸಣ್ಣ ಹೋಟೆಲೊಂದರಲ್ಲಿ ಹತ್ತೂವರೆಯ ಹೊತ್ತಿಗೆ ಸೇರುತ್ತೇವೆ. ಇಲ್ಲಿ ಹೊಟ್ಟೆ ತುಂಬ ತಿನ್ನಬಾರದು, ಏಕೆಂದರೆ ಮುಖ್ಯ ಊಟ ಮುಂದಿದೆ. ಐದು ಜನರಿಗೆ ಎರಡು ಬಟ್ಟಲು ತುಕ್ಪಾ, ಎರಡು ಪ್ಲೇಟು ಮೊಮೊ, ಒಂದೆರಡು ಟಿಂಗ್ಮೊ ಸಾಕು. ತುಕ್ಪಾ ಎಂದರೆ ಸೊಪ್ಪು, ನೂಡಲ್ಸು, ಬೇಕಿದ್ದರೆ ಮಾಂಸ ಹಾಕಿದ ತೆಳು ಸಾರು. ಟಿಂಗ್ಮೊ ಎಂದರೆ ಪದರ ಪದರವಾಗಿ ಬಿಡಿಸಿಕೊಳ್ಳುವ, ಹಬೆಯಲ್ಲಿ ಬೆಂದ ಮೆತ್ತನೆಯ ಬ್ರೆಡ್ಡು. ಒಳಗೆ ಯಾವ ಮಾಂಸವಿದೆ ಎಂದು ಕೇಳಿಯೇ ಆರ್ಡರ್ ಕೊಡಬೇಕು. ಉಪ್ಪು ಮತ್ತು ಬೆಣ್ಣೆ ಹಾಕಿದ ಟಿಬೆಟನ್ ಚಹಾವನ್ನು ಎಲ್ಲರಿಗೂ ಒಂದೊಂದು ತರಿಸುವ ಬದಲು ಒಂದನ್ನೇ ತರಿಸಿ ರುಚಿ ನೋಡುವುದು ಜಾಣತನ; ಚಹಾ ಎಂದು ಕುಡಿದರೆ ನಿರಾಸೆಯಾಗುತ್ತದೆ, ಸೂಪು ಎಂದು ಕುಡಿದರೆ ಹಿಡಿಸುತ್ತದೆ.

ಶನಿವಾರ ಮಧ್ಯಾಹ್ನ: ಕೊಡವ ಊಟ

ಮಡಿಕೇರಿಯಲ್ಲಿ ಕೊಡವ ಅಡುಗೆಗೆ ಹೆಸರಾದ ಹೋಟೆಲುಗಳಿವೆ, ಗೋಣಿಕೊಪ್ಪ, ವಿರಾಜಪೇಟೆಗಳಲ್ಲಿಯೂ ಇವೆ. ಯಾವುದನ್ನೇ ಆರಿಸಿದರೂ ಬೆಳಿಗ್ಗೆ ಒಂದು ಫೋನು ಮಾಡಿ, ಎಷ್ಟು ಜನ, ಎಷ್ಟು ಗಂಟೆಗೆ ಬರುತ್ತೇವೆ, ಇವತ್ತು ನೂಪುಟ್ಟು ಇದೆಯೇ, ಕಣಿಲೆ ಇದೆಯೇ ಎಂದು ವಿಚಾರಿಸಬೇಕು. ಮೆನು ಕಾರ್ಡಿನಲ್ಲಿ ಇರುವುದೆಲ್ಲ ದಿನವೂ ಇರುವುದಿಲ್ಲ. ಹನ್ನೆರಡೂವರೆಗೆ ಹೋಗಿ ಕುಳಿತವರಿಗೆ ಎಲ್ಲವೂ ಬಿಸಿಯಾಗಿ ಸಿಗುತ್ತದೆ. ಎರಡು ಗಂಟೆಯ ನಂತರ ಹೋದವರಿಗೆ ಸಾಮಾನ್ಯವಾಗಿ ಫ್ರೈಡ್ ರೈಸು ಉಳಿದಿರುತ್ತದೆ. ಹೋಂಸ್ಟೇಯಲ್ಲಿ ಉಳಿಯುವವರು ಹಿಂದಿನ ದಿನವೇ ಮನೆಯವರಿಗೆ ತಿಳಿಸುವುದು ಅವಶ್ಯ, ಏಕೆಂದರೆ ಅವರು ಮಾಂಸ ತರುವುದು, ಅಕ್ಕಿ ತರಿ ಒಡೆಸುವುದು ನಿಮ್ಮ ಎಣಿಕೆಯ ಮೇಲೆಯೇ.

ಆರ್ಡರ್ ಕೊಡುವಾಗ ಜೋಡಿಗಳನ್ನು ನೆನಪಿನಲ್ಲಿಡಬೇಕು. ಕಡಂಬುಟ್ಟು ಅಕ್ಕಿ ತರಿಯ ಉಂಡೆ. ಅದಕ್ಕೆ ಪಂದಿ ಕರಿ. ನೂಪುಟ್ಟು ಎಳೆ ಎಳೆಯಾದ ಒತ್ತು ಶಾವಿಗೆ. ಅದು ರಸ ಹೀರುವುದರಿಂದ ತೆಂಗಿನಕಾಯಿ ಹಾಕಿದ ಕೋಳಿ ಕರಿ ಹೊಂದುತ್ತದೆ. ಅಕ್ಕಿ ತರಿ, ಹಾಲು, ಕಾಯಿತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸುವ ಪಾಪುಟ್ಟು ತುಸು ಸಿಹಿಯಾದ್ದರಿಂದ ಖಾರದ ಮಾಂಸದ ಸಾರಿನೊಂದಿಗೆ ಚೆನ್ನ. ಅಕ್ಕಿ ಒಟ್ಟಿ ಯಾವುದಕ್ಕೂ ಆಗುತ್ತದೆ. ಐದು ಜನರಿಗೆ ನಾನು ಎರಡು ಪಂದಿ ಕರಿ, ಒಂದು ಕೋಳಿ ಕರಿ, ಒಂದು ಕುಮ್ಮು ಅಥವಾ ಬೈಂಬಳೆ, ಒಂದು ತರಕಾರಿ ಪಲ್ಯ, ತಲೆಗೆ ಮೂರರಂತೆ ಕಡಂಬುಟ್ಟು, ಒಂದೊಂದು ಅಕ್ಕಿ ಒಟ್ಟಿ ಎಂದು ಲೆಕ್ಕ ಹಾಕುತ್ತೇನೆ. ಆದರೆ ಎಲ್ಲವನ್ನೂ ಒಟ್ಟಿಗೆ ತರಿಸುವುದಿಲ್ಲ. ಅರ್ಧವನ್ನು ಮೊದಲು, ಉಳಿದರ್ಧವನ್ನು ಅದು ಮುಗಿಯುವ ಹೊತ್ತಿಗೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿರುವ ಊರು. ಇಲ್ಲಿಯ ಚಳಿಯಲ್ಲಿ ಮಾತಾಡುತ್ತಾ ಕುಳಿತರೆ ಹತ್ತೇ ನಿಮಿಷಕ್ಕೆ ಪಂದಿ ಕರಿಯ ಮೇಲಿನ ಕೊಬ್ಬು ಬೆಳ್ಳಗೆ ಕೆನೆಗಟ್ಟುತ್ತದೆ, ಕಡಂಬುಟ್ಟು ಗಟ್ಟಿಯಾಗುತ್ತದೆ. ಗೆಳೆಯರ ಊಟದಲ್ಲಿ ಮಾತು ಹೆಚ್ಚು, ಹಾಗಾಗಿ ಅಡುಗೆ ಸ್ವಲ್ಪ ಸ್ವಲ್ಪವಾಗಿ ಬಿಸಿಯಾಗಿ ಬರಬೇಕು.

ಪಂದಿ ಕರಿಯನ್ನು ಮೊದಲ ಸಲ ತಿನ್ನುವವರಿಗೆ ಒಂದು ಮಾತು. ಅದರ ಕಪ್ಪು ಬಣ್ಣ ಸೀದದ್ದರಿಂದ ಬಂದದ್ದಲ್ಲ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯಗಳನ್ನು ಕಡು ಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿ ಹಾಕುತ್ತಾರೆ, ಕೊನೆಯಲ್ಲಿ ಕಾಚಂಪುಳಿ ಬೆರೆಸುತ್ತಾರೆ. ಕಾಚಂಪುಳಿ ಎಂದರೆ ಪನಪುಳಿ ಹಣ್ಣಿನ ರಸ. ಮಳೆಗಾಲದಲ್ಲಿ ಮರದಿಂದ ಬಿದ್ದ ಹಣ್ಣುಗಳನ್ನು ಬುಟ್ಟಿಯಲ್ಲಿ ಹಾಕಿಟ್ಟರೆ ಅವು ಕೊಳೆತು, ಕೆಳಗಿಟ್ಟ ಪಾತ್ರೆಗೆ ರಸ ಹನಿಹನಿಯಾಗಿ ಇಳಿಯುತ್ತದೆ. ಆ ರಸವನ್ನು ಕಾಯಿಸುತ್ತಾ ಹೋದರೆ ಡಾಂಬರಿನಂತೆ ಕಪ್ಪಗೆ, ಮಂದವಾಗಿ ಉಳಿಯುತ್ತದೆ. ವರ್ಷಗಟ್ಟಲೆ ಕೆಡದ ಹುಳಿ ಅದು. ಒಂದು ಚಮಚ ಹೆಚ್ಚಾದರೆ ಇಡೀ ಪಾತ್ರೆ ಹಾಳು, ಕಡಿಮೆಯಾದರೆ ಕೊಬ್ಬಿನ ಜಿಡ್ಡು ನಾಲಿಗೆಯಲ್ಲೇ ನಿಲ್ಲುತ್ತದೆ. ಕಡಂಬುಟ್ಟನ್ನು ಬೆರಳಿನಿಂದ ಎರಡಾಗಿ ಸೀಳಿ, ಒಳಗಿನ ಬಿಸಿ ಹಬೆ ಹೋಗುವಷ್ಟು ತಾಳಿ, ಒಂದು ಚೂರನ್ನು ಮಸಾಲೆಯಲ್ಲಿ ಒರೆಸಿಕೊಂಡು, ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ಒಂದು ತುಂಡಿನ ಜೊತೆ ಬಾಯಿಗಿಡಬೇಕು. ಮೊದಲು ಮೆಣಸು, ನಂತರ ಕೊಬ್ಬು, ಕೊನೆಗೆ ದವಡೆಯ ಹಿಂದೆ ಹುಳಿ ಗೊತ್ತಾಗುತ್ತದೆ. ಕೊಬ್ಬನ್ನು ತೆಗೆದಿಟ್ಟು ಬರಿ ಮಾಂಸ ಆರಿಸುವವರಿಗೆ ಈ ಮೂರು ಹಂತ ಸಿಗುವುದಿಲ್ಲ.

ಸಸ್ಯಾಹಾರಿಗಳಿಗೆ ಕೊಡಗಿನಲ್ಲಿ ಏನೂ ಇಲ್ಲ ಎಂಬ ಮಾತು ಪೂರ್ತಿ ತಪ್ಪು, ಮತ್ತು ಅದನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಕುಮ್ಮು, ಬೈಂಬಳೆ, ಕಾಡ್ ಮಾಂಗೆ, ಕುಂಬಳಕಾಯಿ ಕರಿ, ಕೆಸುವಿನ ಸಾರು, ತೆರ್ಮೆ ಸೊಪ್ಪಿನ ಪಲ್ಯ, ಎಳ್ಳು ಪಜ್ಜಿ ಎಂಬ ಚಟ್ನಿ, ಇವೆಲ್ಲ ಕೊಡವ ಮನೆಗಳ ನಿತ್ಯದ ಅಡುಗೆ. ಅಕ್ಕಿ ಒಟ್ಟಿಗೆ ಬೆಣ್ಣೆ, ಎಳ್ಳು ಪಜ್ಜಿ ಹಚ್ಚಿ ತಿಂದವರು ಮಾಂಸದ ಕಡೆ ತಿರುಗಿ ನೋಡುವುದಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು: ಕಣಿಲೆಯನ್ನು ಹಸಿಯಾಗಿ ತಂದು ವಸತಿಯ ಅಡುಗೆಮನೆಯಲ್ಲಿ ತಾವೇ ಬೇಯಿಸುವ ಉತ್ಸಾಹ ಬೇಡ. ಎಳೆ ಬಿದಿರಿನಲ್ಲಿ ವಿಷದ ಅಂಶವಿರುವುದರಿಂದ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ಆ ನೀರನ್ನು ಬದಲಿಸಿ, ನಂತರ ಚೆನ್ನಾಗಿ ಕುದಿಸಬೇಕಾಗುತ್ತದೆ. ಕಾಡಿನ ಅಣಬೆಯನ್ನಂತೂ ಗುರುತು ಬಲ್ಲವರ ಕೈಯಿಂದ ಮಾತ್ರ ತಿನ್ನಬೇಕು.

ಮೊಬೈಲಿನಲ್ಲಿ ಫೋಟೋ ತೆಗೆಯುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಒಬ್ಬರು ಒಮ್ಮೆ ತೆಗೆದರೆ ಸಾಕು, ಐವರೂ ತೆಗೆಯುವ ಹೊತ್ತಿಗೆ ಒಟ್ಟಿ ಚರ್ಮದಂತಾಗಿರುತ್ತದೆ. ವಾಹನ ಓಡಿಸುವವರು ಕುಡಿಯಬಾರದೆಂಬುದನ್ನು ಘಟ್ಟದ ತಿರುವುಗಳ ಈ ಊರಿನಲ್ಲಿ ಎಷ್ಟು ಸಲ ಹೇಳಿದರೂ ಕಡಿಮೆಯೇ. ರಾತ್ರಿಯ ಊಟಕ್ಕೆ ಹೊರಗೆ ಹೋಗುವುದಾದರೆ ಎಂಟು ಗಂಟೆಗೆಲ್ಲ ಕೂತುಬಿಡಬೇಕು, ಮಡಿಕೇರಿ ಬೇಗ ಮಲಗುವ ಊರು. ಮಧ್ಯಾಹ್ನ ಗಟ್ಟಿಯಾಗಿ ಉಂಡಿದ್ದರೆ ರಾತ್ರಿಗೆ ಸಸ್ಯಾಹಾರಿ ಹೋಟೆಲಿನಲ್ಲಿ ಒಂದೊಂದು ದೋಸೆ ಸಾಕಾಗುತ್ತದೆ.

ಬಿಲ್ಲಿನ ವಿಷಯ

ಗೆಳೆತನ ಕೆಡುವುದು ಬಹುತೇಕ ಇಲ್ಲಿಯೇ ಆದ್ದರಿಂದ ಇದನ್ನು ಕೂರುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಒಬ್ಬರು ಪೂರ್ತಿ ಬಿಲ್ಲನ್ನು ಯುಪಿಐ ಮೂಲಕ ಕಟ್ಟುವುದು, ಉಳಿದವರು ಟೇಬಲ್ಲಿನಿಂದ ಏಳುವ ಮುಂಚೆಯೇ ತಮ್ಮ ಪಾಲನ್ನು ಅವರಿಗೆ ಕಳುಹಿಸುವುದು ಅತ್ಯಂತ ಸರಳ. ಎಲ್ಲರೂ ಎಲ್ಲವನ್ನೂ ಹಂಚಿಕೊಂಡು ತಿಂದಿದ್ದರೆ ಸಮಪಾಲು ನ್ಯಾಯ. ಎರಡು ಒಟ್ಟಿ, ಒಂದು ಪಲ್ಯ ಮಾತ್ರ ತಿಂದ ಸಸ್ಯಾಹಾರಿ ಗೆಳತಿಯಿಂದ ಪಂದಿ ಕರಿಯ ಪಾಲನ್ನು ಪಡೆಯುವುದು ನ್ಯಾಯವಲ್ಲ. ಅವಳು ಬಾಯಿ ಬಿಟ್ಟು ಹೇಳಲಿ ಎಂದು ಕಾಯದೆ ನಾವೇ ಬೇರೆ ಲೆಕ್ಕ ಮಾಡಬೇಕು. ಬಿಲ್ಲನ್ನು ಒಮ್ಮೆ ಓದುವುದರಲ್ಲಿ ಅವಮಾನವೇನಿಲ್ಲ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇಕಡಾ 5, ಅದು ಎರಡೂವರೆ, ಎರಡೂವರೆಯಾಗಿ ಎರಡು ಸಾಲುಗಳಲ್ಲಿ ಕಾಣಿಸುತ್ತದೆ. ಸರ್ವಿಸ್ ಚಾರ್ಜ್ ಎಂದು ಮತ್ತೊಂದು ಸಾಲಿದ್ದರೆ ಅದು ತೆರಿಗೆಯಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಮೆಲ್ಲಗೆ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಡಿಸಿದವರಿಗೆ ಏನಾದರೂ ಕೊಡಬೇಕೆನಿಸಿದರೆ ನೋಟನ್ನು ಅವರ ಕೈಯಲ್ಲಿಯೇ ಇಡಬೇಕು. ಗಲ್ಲಾದ ಕ್ಯೂಆರ್ ಕೋಡಿಗೆ ಹೋದ ಹಣ ಅವರಿಗೆ ತಲುಪಿತೆಂಬ ಭರವಸೆಯಿಲ್ಲ.

ಭಾನುವಾರ: ಒಬ್ಬರೇ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಗೆಳೆಯರ ಕಾರು ಜನರಲ್ ತಿಮ್ಮಯ್ಯ ವೃತ್ತ ದಾಟಿ ಹೋದ ಮೇಲೆ ಊರು ಸ್ವಲ್ಪ ಖಾಲಿ ಎನಿಸುತ್ತದೆ. ಮನೆಗೆ ಹೋಗಿ ಅನ್ನ ಸಾರು ಮಾಡಿಕೊಂಡರೆ ಆ ಖಾಲಿತನವೇ ಊಟಕ್ಕೆ ಬಂದು ಕೂರುತ್ತದೆ. ನಾನು ಒಬ್ಬಳೇ ಹೋಟೆಲಿಗೆ ಹೋಗಲು ಕಲಿತದ್ದು ಹೀಗೆ, ಆದರೆ ಕಲಿಯುವುದು ಸುಲಭವಾಗಿರಲಿಲ್ಲ. ಮೊದಲ ಸಲ ಒಂದು ಹೋಟೆಲಿನಲ್ಲಿ “ಎಷ್ಟು ಜನ ಅಕ್ಕಾ?” ಎಂದು ಸಪ್ಲೈಯರ್ ಕೇಳಿದ, “ಒಬ್ಬಳೇ” ಎಂದೆ. ಅವನು ನನ್ನ ಹಿಂದೆ ಬಾಗಿಲ ಕಡೆ ಇನ್ನೊಮ್ಮೆ ನೋಡಿ, “ಇನ್ನು ಯಾರೂ ಬರುವುದಿಲ್ಲವಾ?” ಎಂದು ಕೇಳಿ, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲು ತೋರಿಸಿದ. ಬಂದವರೆಲ್ಲ ಕೈ ಕೊಡವಿ ಹೋಗುವ ನೀರು ನನ್ನ ತಟ್ಟೆಯ ಅಂಚಿಗೆ ಬೀಳುತ್ತಿತ್ತು. ಕಿಟಕಿಯ ಬದಿಯ ಮೂರು ಟೇಬಲ್ಲು ಖಾಲಿಯಿದ್ದವು. ನಾನು ಏನೂ ಹೇಳದೆ ಅರ್ಧ ಊಟ ಬಿಟ್ಟು ಎದ್ದೆ, ಆ ದಿನದ ನೋವು ಬಹಳ ಕಾಲ ಉಳಿಯಿತು. ಒಬ್ಬರೇ ಉಣ್ಣುವವರು ಮೊದಲು ಕಲಿಯಬೇಕಾದದ್ದು ಜಾಗ ಕೇಳುವುದನ್ನು. ತೋರಿಸಿದ ಕಡೆ ಕೂರುವ ಬದಲು, “ಅಣ್ಣಾ, ಆ ಕಿಟಕಿಯ ಹತ್ತಿರ ಕೂರುತ್ತೇನೆ” ಎಂದು ಹೇಳಿ, ಉತ್ತರಕ್ಕೆ ಕಾಯದೆ ಅತ್ತ ನಡೆದರೆ ಯಾರೂ ತಡೆಯುವುದಿಲ್ಲ.

ಇದಕ್ಕೆ ಹೊತ್ತಿನ ಆಯ್ಕೆಯೂ ನೆರವಾಗುತ್ತದೆ. ಒಂದು ಗಂಟೆಯಿಂದ ಎರಡರವರೆಗೆ ಪ್ರವಾಸಿಗರ ಗುಂಪುಗಳು ತುಂಬಿರುತ್ತವೆ, ನಾಲ್ಕು ಕುರ್ಚಿಯ ಟೇಬಲ್ಲನ್ನು ಒಬ್ಬರು ಹಿಡಿದು ಕೂತರೆ ಹೋಟೆಲಿನವರಿಗೂ ಕಷ್ಟ, ನಮಗೂ ಅವಸರ. ಹನ್ನೆರಡು ಕಾಲಿಗೆ ಹೋದರೆ ಜಾಗ, ಬಿಸಿ ಅಡುಗೆ, ಸಪ್ಲೈಯರನ ಗಮನ ಮೂರೂ ಸಿಗುತ್ತವೆ. ಬೆನ್ನು ಗೋಡೆಗೆ, ಮುಖ ಕಿಟಕಿಗೋ ಬಾಗಿಲಿಗೋ ಇರುವಂತೆ ಕೂತರೆ ಹಿಂದಿನಿಂದ ಯಾರು ನೋಡುತ್ತಿದ್ದಾರೋ ಎಂಬ ಕಸಿವಿಸಿ ಇರುವುದಿಲ್ಲ. ಹೆಣ್ಣುಮಕ್ಕಳನ್ನು ಫ್ಯಾಮಿಲಿ ರೂಮಿನೊಳಗೆ ಕಳುಹಿಸುವ ರೂಢಿ ಕೆಲವು ಕಡೆ ಇದೆ. ಅಲ್ಲಿ ಹಿತವೆನಿಸಿದರೆ ಹೋಗಬಹುದು, ಆದರೆ ಅದು ಕಡ್ಡಾಯವಲ್ಲ. ಬಾರ್ ಇರುವ ಹೋಟೆಲುಗಳನ್ನು ನಾನು ಒಬ್ಬಳೇ ಇದ್ದಾಗ ಆರಿಸುವುದಿಲ್ಲ. ರಾಜಾಸೀಟಿನ ಬಳಿ ಸರ್ಕಾರದ ಪ್ರವಾಸೋದ್ಯಮ ನಿಗಮದ ಮಯೂರ ವ್ಯಾಲಿ ವ್ಯೂ ಇದೆ. ಕಣಿವೆ ನೋಡುತ್ತಾ ಕೂರಬೇಕೆನ್ನುವವರಿಗೆ ಆ ಜಾಗ ಒಪ್ಪುತ್ತದೆ.

ಒಬ್ಬರೇ ಇದ್ದಾಗ ಏನು ತರಿಸುವುದು ಎಂಬುದು ನಿಜವಾದ ತೊಡಕು, ಏಕೆಂದರೆ ಇಲ್ಲಿನ ಪ್ಲೇಟುಗಳು ಇಬ್ಬರಿಗಾಗುವಷ್ಟಿರುತ್ತವೆ. ಮೆನುವಿನಲ್ಲಿ ಬರೆದಿರದಿದ್ದರೂ ಹಾಫ್ ಪ್ಲೇಟು ಸಿಗುತ್ತದೆಯೇ ಎಂದು ಕೇಳಬೇಕು. ಹಲವು ಕಡೆ ಕೊಡುತ್ತಾರೆ. ಕೊಡದಿದ್ದರೆ ಒಂದೇ ಕರಿ, ಒಂದೇ ಬಗೆಯ ಪುಟ್ಟು ತರಿಸಿ, ಬಡಿಸಿಕೊಳ್ಳುವ ಮೊದಲೇ ಅರ್ಧವನ್ನು ಪಾರ್ಸಲ್ ಮಾಡಿಸಿಕೊಳ್ಳುವುದು ನನ್ನ ಕ್ರಮ. ಎಂಜಲಾಗದ ಆ ಅರ್ಧ ಸೋಮವಾರದ ಬುತ್ತಿಗಾಗುತ್ತದೆ, ಮರುದಿನಕ್ಕೆ ಪಂದಿ ಕರಿ ಇನ್ನೂ ರುಚಿಯಾಗಿರುತ್ತದೆ. ಗುಂಪಿನಲ್ಲಿ ಹತ್ತು ಬಗೆ ತಿಂದ ಮರುದಿನ ಒಂದನ್ನೇ ತಿನ್ನುವುದರಲ್ಲಿ ಬೇರೆಯೇ ಸುಖವಿದೆ. ನಾನು ಹೆಚ್ಚಾಗಿ ಅಕ್ಕಿ ಒಟ್ಟಿಯನ್ನೇ ಆರಿಸುತ್ತೇನೆ, ಏಕೆಂದರೆ ಅದು ಗುಂಪಿನ ಊಟದಲ್ಲಿ ಯಾವಾಗಲೂ ಆರಿಯೇ ಕೈಗೆ ಬರುವ ಪದಾರ್ಥ. ಅನ್ನ ಮತ್ತು ಅಕ್ಕಿ ಹಿಟ್ಟನ್ನು ಒಟ್ಟಿಗೆ ನಾದಿ, ತೆಳ್ಳಗೆ ಲಟ್ಟಿಸಿ, ಎಣ್ಣೆಯಿಲ್ಲದೆ ಕಾವಲಿಯಲ್ಲಿ ಬೇಯಿಸಿ ಕೊನೆಗೆ ಬೆಂಕಿಗೆ ಹಿಡಿಯುತ್ತಾರೆ. ಒಂದೊಂದಾಗಿ ತಂದುಕೊಡಿ ಎಂದು ಕೇಳಿಕೊಳ್ಳಬೇಕು. ತಟ್ಟೆಗೆ ಬಂದಾಗ ಅದು ಉಬ್ಬಿಯೇ ಇರುತ್ತದೆ. ಅಂಚನ್ನು ಬೆರಳಿನಿಂದ ಹರಿದರೆ ಉಸ್ಸೆಂದು ಹಬೆ ಹೊರಡುತ್ತದೆ, ಎರಡು ಪದರ ಬೇರೆಯಾಗುತ್ತದೆ, ಅದರೊಳಗೆ ಇಟ್ಟ ಬೆಣ್ಣೆ ಕ್ಷಣದಲ್ಲಿ ಕಾಣದಾಗುತ್ತದೆ. ಮೊದಲ ಚೂರನ್ನು ಏನೂ ಹಚ್ಚದೆ ತಿಂದು ಅಕ್ಕಿಯ ರುಚಿ ನೋಡಬೇಕು. ಎರಡನೆಯದಕ್ಕೆ ಪಜ್ಜಿ. ಮೂರನೆಯದಕ್ಕೆ ಕರಿ.

ಕೈಯಲ್ಲಿ ಮೊಬೈಲು ಹಿಡಿದು ವೀಡಿಯೋ ನೋಡುತ್ತಾ ಉಣ್ಣುವವರು ಒಬ್ಬರೇ ಉಣ್ಣುತ್ತಿಲ್ಲ, ಅನ್ಯರ ಮಾತಿನ ನಡುವೆ ಉಣ್ಣುತ್ತಿದ್ದಾರೆ. ಅಡುಗೆ ಬರುವವರೆಗಿನ ಕಾಲು ಗಂಟೆಗೆ ಒಂದು ಪುಸ್ತಕವೋ ಪತ್ರಿಕೆಯೋ ಇರಲಿ, ತಟ್ಟೆ ಬಂದ ಮೇಲೆ ಅದನ್ನು ಮುಚ್ಚಿಡಬೇಕು. ಮೊದಲ ಎರಡು ಮೂರು ವಾರ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದು. ಆಗ ಅಡುಗೆಮನೆಯ ಕಡೆಯ ಸದ್ದು ಕೇಳಬಹುದು, ಹೊರಗೆ ಕೊಡೆ ಹಿಡಿದು ಹೋಗುವವರನ್ನು ನೋಡಬಹುದು. ನಾಲ್ಕನೆಯ ವಾರಕ್ಕೆ ಸಪ್ಲೈಯರನೇ ಬಂದು, “ಇವತ್ತು ಕುಮ್ಮು ಬಂದಿದೆ ಅಕ್ಕಾ, ಸ್ವಲ್ಪ ಇದೆ, ತರಲಾ?” ಎಂದು ಕೇಳುತ್ತಾನೆ. ಕಾರ್ಡಿನಲ್ಲಿಲ್ಲದ ಇಂತಹ ಪದಾರ್ಥ ಗುಂಪಾಗಿ ಬಂದವರಿಗೆ ಸಿಗುವುದು ಅಪರೂಪ, ಏಕೆಂದರೆ ಅದು ಒಬ್ಬರಿಗಾಗುವಷ್ಟೇ ಇರುತ್ತದೆ.

ಊಟದ ನಂತರ ಕಾಫಿಯನ್ನು ಅಲ್ಲಿಯೇ ಕುಡಿಯದೆ, ಸ್ವಲ್ಪ ನಡೆದು ಬೇರೆ ಕಡೆ ಕುಡಿಯುವುದು ಮೇಲು. ದೇಶದ ಕಾಫಿಯ ಮೂರನೇ ಒಂದು ಭಾಗದಷ್ಟನ್ನು ಬೆಳೆಯುವ ಜಿಲ್ಲೆ ನಮ್ಮದು, ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಬಂದಿದೆ. ಇಷ್ಟಿದ್ದೂ ಹಲವು ಹೋಟೆಲುಗಳಲ್ಲಿ ಚಿಕೋರಿಯೇ ಮುಂದಾದ ಕಾಫಿ ಕೊಡುತ್ತಾರೆ. ಪುಡಿ ಮಾರುವ ಅಂಗಡಿಗಳು ಕಾಫಿಯನ್ನೂ ಮಾಡಿಕೊಡುತ್ತಿದ್ದರೆ ಅಲ್ಲಿ ಚಿಕೋರಿ ಇಲ್ಲದ್ದು ಬೇಕೆಂದು ಕೇಳಬಹುದು. ಬೆಲ್ಲದ ಕಪ್ಪು ಕಾಫಿ ಸಿಕ್ಕರೆ ಬಿಡಬಾರದು. ತೋಟದ ಮನೆಗಳಲ್ಲಿ ಮಳೆಯ ದಿನ ದೊಡ್ಡ ಪಾತ್ರೆಯಲ್ಲಿ ಬೆಲ್ಲದ ನೀರು ಕುದಿಸಿ ಪುಡಿ ಹಾಕಿ ಇಳಿಸುವ ಕಾಫಿ ಅದು, ಹಂದಿ ಮಾಂಸದ ಜಿಡ್ಡನ್ನು ಅದರಷ್ಟು ಚೆನ್ನಾಗಿ ಕಳೆಯುವ ಪಾನೀಯ ಇನ್ನೊಂದಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಕಾಚಂಪುಳಿ ಕೊಳ್ಳುವವರು ಬಾಟಲಿಯನ್ನು ಓರೆ ಮಾಡಿ ನೋಡಬೇಕು. ಒಳ್ಳೆಯದು ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ; ನೀರಿನಂತೆ ಥಟ್ಟನೆ ಓಡಿದರೆ ಅದನ್ನು ಅಲ್ಲಿಯೇ ಬಿಟ್ಟುಬರಬೇಕು. ಭಾನುವಾರ ರಾತ್ರಿಗೆ ಹೊರಗಿನ ಊಟ ಬೇಡ. ಎರಡು ದಿನ ದುಡಿದ ಹೊಟ್ಟೆಗೆ ಒಂದು ಬಟ್ಟಲು ಬಿಸಿ ಗಂಜಿ, ಅದರ ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಉಪ್ಪಿನಕಾಯಿಯ ಒಂದು ಹೋಳು ಇದ್ದರಾಯಿತು.